‘ಬರಿ’ ಅಂದರೆ ಚಲೋ ಅಂತ

ಸಡಾ, ವಾಸ್ಕೋ
ಭಾನುವಾರ, 16 ಫೆಬ್ರವರಿ 2025

ಪ್ರೀತಿಯ ತಮ್ಮ ಹುಲಿಗೆಪ್ಪ,

ಜಯಶ್ರೀಯ ಮೊಣಕಾಲು ಈಗ ಹೇಗಿದೆ? ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದನ್ನು ಬಿಟ್ಟಳೋ ಇಲ್ಲವೋ? ನಿಂತುಕೊಂಡು ಬಡಿದ ರೊಟ್ಟಿ ಉಬ್ಬುವುದಿಲ್ಲ ಎಂಬುದು ಅವಳ ಹಟ. ರೊಟ್ಟಿಗೆ ಅದೆಲ್ಲ ತಿಳಿಯುವುದಿಲ್ಲ ಎಂದು ನಾನು ಹೇಳಿದೆನೆಂದು ಹೇಳು. ಶ್ವೇತಾಳ ಕೆಮ್ಮು ಹೋಯಿತೇ? ಪಿಯುಸಿ ಪರೀಕ್ಷೆಗೆ ಇನ್ನು ಹದಿನೈದು ದಿನವೂ ಉಳಿದಿಲ್ಲ, ಮಗು ಎಷ್ಟು ಬಡವಾಗಿದೆಯೋ ಏನೋ. ನಿನ್ನ ಕಣ್ಣುರಿಗೆ ಡಾಕ್ಟರು ಕೊಟ್ಟ ಹನಿ ಹಾಕಿಕೊಳ್ಳುತ್ತೀಯಾ? ಹಾಕಿಕೊಳ್ಳುವುದಿಲ್ಲ, ನನಗೆ ಗೊತ್ತು.

ಪತ್ರ ತಡವಾಯಿತು, ಸಿಟ್ಟಾಗಬೇಡ. ಮಂಗಳವಾರ ಫೋನಿನಲ್ಲಿ ನೀನು, ‘ನಿನ್ನ ಕೈಯಿಂದಲೇ ಬರೆದು ಕಳಿಸು’ ಅಂದೆ. ಬುಧವಾರವೇ ಕೂತೆ. ಶನಿವಾರದ ತನಕ ನಾಲ್ಕು ಹಾಳೆ ಹರಿದು ಹಾಕಿದೆ. ನಿಮ್ಮ ಭಾವ ಅಮೀನಪ್ಪನವರು ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತ ನೋಡಿದರು. ಸಂಬಂಧ ಕೇಳಿ ಬರೆಯುವ ಪತ್ರಕ್ಕೂ ಇಷ್ಟು ಹಾಳೆ ಹತ್ತಿರಲಿಲ್ಲ ಅಂದರು. ಬಂದರಿನ ಕೆಲಸ ಮುಗಿದ ಮೇಲೆ ಅವರಿಗೆ ನನ್ನನ್ನು ಆಡಿಕೊಳ್ಳುವುದೇ ಡ್ಯೂಟಿ ಆಗಿದೆ. ಅವರ ಆರೋಗ್ಯ ಚೆನ್ನಾಗಿದೆ. ಕೆಳಗೆ ಹಡಗಿನಿಂದ ಕಲ್ಲಿದ್ದಲು ಇಳಿಸುವ ದಿನ ಒಣಹಾಕಿದ ಬಟ್ಟೆಯನ್ನು ಒಳಗೆ ತರುವ ಕೆಲಸವೊಂದನ್ನು ತಪ್ಪದೆ ಮಾಡುತ್ತಾರೆ.

ನೀನು ಕೇಳಿದ ಮಾತಿಗೆ ಬರುತ್ತೇನೆ. ಆದರೆ ಮೊದಲಿನಿಂದ ಹೇಳಿದರೇ ನಿನಗೂ ನಿನ್ನ ಮೇಲಿನವರಿಗೂ ತಿಳಿದೀತು. ಫೋನಿನಲ್ಲಿ ಹೇಳಹೋದರೆ ನೀನು ನಡುನಡುವೆ ಬಾಯಿ ಹಾಕುತ್ತಿ. ಕಾಗದದ ಎದುರಿಗೆ ಸುಮ್ಮನೆ ಕೂರಬೇಕಾಗುತ್ತದೆ.

ನೀವು ಅಲ್ಲಿ ಕಟ್ಟುತ್ತಿರುವ ವಿಮಾನದ ಎಂಜಿನ್ನಿನ ಹೆಸರು ಬರೆಯುವುದಿಲ್ಲ. ಬರೆಯಬಾರದೆಂದು ನೀನೇ ಹೇಳಿದ್ದಿ. ಕಳೆದ ವರ್ಷ ಯುಗಾದಿಗೆ ಬಂದಾಗ ಇದೇ ಮನೆಯಲ್ಲಿ ಕೂತು, ಒಂದರ ಹಿಂದೊಂದು ತಾಟು ನಿಲ್ಲಿಸಿ, ಗಾಳಿಯನ್ನು ಹೇಗೆ ಒತ್ತಿ ಒತ್ತಿ ಸಣ್ಣ ಮಾಡಿ ಬೆಂಕಿಯ ಕೋಣೆಗೆ ಕಳಿಸುತ್ತಾರೆಂದು ತೋರಿಸಿದೆ. ಹನ್ನೊಂದು ವರ್ಷದಿಂದ ಮಾಡುತ್ತಿದ್ದೀರಿ ಅಂದೆ. ಮೊದಲನೆಯದು ಗಡಗಡ ನಡುಗಿದ್ದು, ಎರಡನೆಯದರ ಬೇರಿಂಗು ಸುಟ್ಟದ್ದು, ಮೂರನೆಯದನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಇಟ್ಟದ್ದು, ಎಲ್ಲ ಹೇಳಿದೆ. ಯುದ್ಧ ಮಾಡುವ ವಿಮಾನಕ್ಕಿಂತ ಕಲಿಸುವ ವಿಮಾನದ ಎಂಜಿನ್ ಮಾಡುವುದು ಸಣ್ಣ ಕೆಲಸ ಇರಬೇಕು ಎಂದು ನಿಮ್ಮ ಭಾವ ಅಂದರು. ನೀನು ನಕ್ಕೆ. ಆಗ ಹೇಳಿದ ಮಾತು ನನಗೆ ಹಾಗೇ ನೆನಪಿದೆ.

“ಮಾಮಾ, ಕಲಿಯೋ ಹುಡುಗ ತಪ್ಪು ಮಾಡ್ತಾನ್ರಿ. ಒಮ್ಮೆಲೆ ಜೋರ್ ಕೊಡ್ತಾನ, ಅಂಜಿ ಒಮ್ಮೆಲೆ ತಗೀತಾನ. ದಿನಾ ಹತ್ತ ಸಲ ಇಳಸ್ತಾನ, ಹತ್ತ ಸಲ ಏರಸ್ತಾನ. ಅಷ್ಟೂ ತಪ್ಪು ತಾಳ್ಕೊಂಡು, ಉಸಿರು ಬಿಡದಂಗ ತಿರಗಬೇಕ್ರಿ ಅದು.”

ಆ ದಿನದಿಂದ ಸಾಂಕೋಲೆಯ ನಮ್ಮ ಕಾರ್ಖಾನೆಯಲ್ಲಿ, ಆ ಗಾಳಿ ಒತ್ತುವ ತಾಟುಗಳಿಗೆ ಕೂರಿಸುವ ಒಂದೊಂದು ಬ್ಲೇಡು ಕೈಗೆ ತೆಗೆದುಕೊಂಡಾಗಲೂ, ಮುಖ ಕಂಡಿರದ ಯಾವುದೋ ಒಬ್ಬ ಹುಡುಗ, ಒಬ್ಬ ಹುಡುಗಿ ನೆನಪಾಗುತ್ತಾರೆ. ಅದನ್ನು ನಿನಗೆ ಹೇಳಿರಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತಿದ್ದದ್ದೇ, ನಿನ್ನ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. ಹಾಜರಿ ಪುಸ್ತಕದಲ್ಲಿ ನಾನು ಹೆಲ್ಪರ್. ಕಸ ಗುಡಿಸಲು ಸೇರಿದವಳು. ಆಮೇಲೆ ಬ್ಲೇಡುಗಳನ್ನು ಒರೆಸಿ ಡಬ್ಬಿಗೆ ಇಡುವ ಕೆಲಸ ಕೊಟ್ಟರು. ಮೂರು ವರ್ಷದ ಹಿಂದೆ ಒಂದು ದಿನ ಒರೆಸುವಾಗ ಎರಡು ಬ್ಲೇಡುಗಳನ್ನು ಪಕ್ಕಕ್ಕೆ ತೆಗೆದಿಟ್ಟೆ. ಏನಾಗಿದೆ ಎಂದು ಕೇಳಿದರು. ಏನೋ ಇದೆ ಅಂದೆ. ಆಗ ಇದ್ದ ಹಳೆಯ ಸಾಹೇಬರು ಭೂತಗಾಜು ಹಿಡಿದು ನೋಡಿ, ಬುಡದ ತಿರುವಿನಲ್ಲಿ ಕೂದಲಿಗಿಂತ ಸಣ್ಣ ಗೆರೆ ಕಂಡು, ನನ್ನ ಮುಖ ನೋಡಿದರು. ಬಾಯ್ನಾದಲ್ಲಿದ್ದಾಗ ನಾನು ಹದಿನಾಲ್ಕು ವರ್ಷ ಮೊಸಾಯಿಕ್ ನೆಲ ಉಜ್ಜಿದವಳು ಎಂದು ಅವರಿಗೆ ಏನು ಗೊತ್ತು. ಉಜ್ಜುವಾಗ ನೆಲದ ಮೇಲೆ ಕೆಸರುನೀರು ನಿಂತಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಕಲ್ಲು ಎಲ್ಲಿ ಗೀರು ಬಿಟ್ಟಿದೆ ಎಂದು ನೀರಿನ ಕೆಳಗೆ ಬೆರಳಿಗೇ ಕಾಣಬೇಕು.

ಅಂದಿನಿಂದ ಕಾರ್ಖಾನೆಯಲ್ಲಿ ಒಂದು ರೂಢಿಯಾಯಿತು. ಮೊದಲು ಮಷಿನ್ನು ಅಳತೆ ನೋಡುತ್ತದೆ. ಆಮೇಲೆ ಬಣ್ಣದ ಎಣ್ಣೆ ಹಚ್ಚಿ ನೀಲಿ ದೀಪದ ಕೆಳಗೆ ಬಿರುಕು ಹುಡುಕುತ್ತಾರೆ. ಎರಡರಲ್ಲೂ ಪಾಸಾದ ಬ್ಲೇಡು ಡಬ್ಬಿಗೆ ಹೋಗುವ ಮೊದಲು ನನ್ನ ಕೈಗೆ ಬರುತ್ತದೆ. ಪಕ್ಕದಲ್ಲಿ ಹಸೀನಾ ಎರಡು ರಿಜಿಸ್ಟರು ಇಟ್ಟುಕೊಂಡು ಕೂರುತ್ತಿದ್ದಳು, ಒಂದು ನೀಲಿ, ಒಂದು ಕೆಂಪು. ಅವಳು ಹುಬ್ಬಳ್ಳಿ ಕಡೆಯವಳಾದ್ದರಿಂದ ನಮ್ಮಿಬ್ಬರದೂ ಕನ್ನಡವೇ. ನಾನು ಸುಮ್ಮನೆ ಮುಂದಕ್ಕೆ ಸರಿಸಿದರೆ ನೀಲಿಯಲ್ಲಿ ನಂಬರು ಬರೆಯುತ್ತಿದ್ದಳು. ‘ಬರಿ’ ಅಂದರೆ ಕೆಂಪಿನಲ್ಲಿ ಬರೆದು, ಬ್ಲೇಡನ್ನು ಪಕ್ಕಕ್ಕಿಟ್ಟು, ಸಾಹೇಬರನ್ನು ಕರೆಯುತ್ತಿದ್ದಳು. ಮೂರು ವರ್ಷ ನಮ್ಮಿಬ್ಬರ ನಡುವೆ ಆ ಕೆಲಸಕ್ಕೆ ಅದೊಂದೇ ಮಾತು. ತಿಂಗಳಿಗೆ ಒಂದು ಸಲವೋ ಎರಡು ಸಲವೋ ಬರುತ್ತಿದ್ದ ಮಾತು.

ಜನವರಿಯಲ್ಲಿ ಹಸೀನಾ ಹೆರಿಗೆಗೆ ಹೋದಳು. ಹೆಣ್ಣುಮಗು, ಇಬ್ಬರೂ ಆರಾಮಾಗಿದ್ದಾರೆ. ಅವಳ ಜಾಗಕ್ಕೆ ಲತಾ ಬಂದಳು. ಫೋಂಡಾದ ಕಡೆಯವಳು, ಇಪ್ಪತ್ತೆರಡು ವಯಸ್ಸು, ಕೊಂಕಣಿಯವಳು. ಇನ್ನೂ ಕಾಯಂ ಆಗಿಲ್ಲ, ಆರು ತಿಂಗಳು ನೋಡುತ್ತಾರಂತೆ. ಹಣೆಯ ಮೇಲೆ ಬೀಳುವ ಕೂದಲನ್ನು ಪೆನ್ನಿನ ತುದಿಯಿಂದ ಹಿಂದಕ್ಕೆ ಮಾಡಿ ಮಾಡಿ ಸಂಜೆಯ ಹೊತ್ತಿಗೆ ಹಣೆ ತುಂಬ ನೀಲಿ ಗೀಟು ಮಾಡಿಕೊಂಡಿರುತ್ತಾಳೆ. ನಾವಿಬ್ಬರೂ ಹರಕು ಹಿಂದಿಯಲ್ಲಿ ಮಾತಾಡುತ್ತೇವೆ. ನನ್ನನ್ನು ‘ಆಜಿ’ ಅನ್ನುತ್ತಾಳೆ, ಅವರಲ್ಲಿ ಅಜ್ಜಿಗೆ ಹಾಗೆ ಅನ್ನುತ್ತಾರೆ. ನನ್ನ ಡಬ್ಬಿಯ ಶೇಂಗಾ ಚಟ್ನಿ ಅವಳ ಡಬ್ಬಿಗೆ ಹೋಗುತ್ತದೆ, ಅವಳ ಮೀನಿನ ಸಾರು ನನ್ನ ಡಬ್ಬಿಗೆ ಬರುವುದಿಲ್ಲ. ಅದನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಫೆಬ್ರವರಿ ಐದನೆಯ ತಾರೀಖು, ಬುಧವಾರ, ಮಧ್ಯಾಹ್ನದ ಊಟಕ್ಕೆ ಮೊದಲು, 217ನೆಯ ನಂಬರಿನ ಬ್ಲೇಡು ಕೈಗೆ ಬಂತು. ಬುಡದ ತಿರುವಿನಲ್ಲಿ ಉಗುರು ಎಳೆಯುವಾಗ ಒಂದು ಕಡೆ ಸಣ್ಣ ಮೆಟ್ಟಿಲಿನಂತೆ ತಡೆಯಿತು. ಬಿರುಕಲ್ಲ, ಬಿರುಕಾಗಿದ್ದರೆ ಎಣ್ಣೆಯಲ್ಲಿ ಸಿಗುತ್ತಿತ್ತು. ಕೊರೆಯುವ ಮಷಿನ್ನು ಒಂದು ಕ್ಷಣ ನಿಂತು ಮುಂದೆ ಹೋದರೆ ಉಳಿಯುವ ಗುರುತು ಅದು. ಅಂಥ ಕಡೆಯಿಂದಲೇ ಮುಂದೆ ಬಿರುಕು ಹುಟ್ಟುತ್ತದೆ ಎಂದು ನೀನೇ ಹೇಳಿದ್ದಿ. ಒಂದು ಬ್ಲೇಡು ಮುರಿದರೆ ಹಿಂದಿನ ಸಾಲನ್ನೆಲ್ಲ ತಿಂದು ಹೋಗುತ್ತದೆ ಎಂದೂ ಹೇಳಿದ್ದಿ.

ನಾನು ‘ಬರಿ’ ಅಂದೆ.

ಲತಾ ತಲೆಯೆತ್ತಿ ನೋಡಿ, ಮುಖ ಅರಳಿಸಿ, ಬ್ಲೇಡನ್ನು ನನ್ನ ಕೈಯಿಂದ ತೆಗೆದುಕೊಂಡು ಬರೆದುಕೊಂಡಳು. ಇವಳಿಗೇಕೆ ಇಷ್ಟು ಸಂತೋಷ ಎಂದು ಆಗಲೇ ಅನಿಸಬೇಕಿತ್ತು. ಊಟದ ಗಂಟೆ ಹೊಡೆಯಿತು, ಎದ್ದುಹೋದೆ.

ಮರುದಿನ ಡ್ರೈವರ್ ಜುನೇದನ ಗಾಡಿಯಲ್ಲಿ ಡಬ್ಬಿಗಳು ನಿಮ್ಮಲ್ಲಿಗೆ ಹೊರಟವು. ಸೋಮವಾರ ಕಪಾಟು ಒರೆಸುವಾಗ ಕೆಂಪು ರಿಜಿಸ್ಟರು ಕೈಗೆ ಬಂತು. ಸುಮ್ಮನೆ ತೆರೆದೆ. ಕೊನೆಯ ಸಾಲು ಹಸೀನಾಳ ಅಕ್ಷರದಲ್ಲಿತ್ತು, ಡಿಸೆಂಬರ್ ತಿಂಗಳದ್ದು. ಅದರ ಕೆಳಗೆ ಏನೂ ಇರಲಿಲ್ಲ.

ಲತಾಳನ್ನು ಕರೆದು 217 ಎಲ್ಲಿ ಬರೆದಿದ್ದಿ ಎಂದು ಕೇಳಿದೆ. ಅವಳು ಖುಷಿಯಿಂದ ನೀಲಿ ಪುಸ್ತಕ ತೆರೆದು ತೋರಿಸಿದಳು. 217, ಪಕ್ಕದಲ್ಲಿ ಒಂದು ನಕ್ಷತ್ರ.

“ತುಮಿ ಬರಿ ಮ್ಹಳೆಂ ನ್ಹಯ್, ಆಜಿ?”

ನೀವು ‘ಬರಿ’ ಅಂದಿರಲ್ಲ ಅಜ್ಜಿ, ಅಂತ. ನೀನು ಇಲ್ಲೇ ಬೆಳೆದವನು, ನಿನಗೆ ಬಿಡಿಸಿ ಹೇಳಬೇಕಿಲ್ಲ. ನಿನ್ನ ಮೇಲಿನವರಿಗಾಗಿ ಬರೆಯುತ್ತೇನೆ: ನಮ್ಮಲ್ಲಿ ‘ಬರಿ’ ಅಂದರೆ ಬರೆದುಕೋ ಅಂತ. ಕೊಂಕಣಿಯಲ್ಲಿ ‘ಬರಿ’ ಅಂದರೆ ಚಲೋ ಅಂತ. ದಿನವಿಡೀ ಬಾಯಿ ಬಿಡದೆ ಬ್ಲೇಡು ಸರಿಸುವ ಮುದುಕಿ, ತಾನು ಬಂದು ಮೂರು ವಾರವಾದ ಮೇಲೆ ಮೊದಲ ಸಲ ಒಂದನ್ನು ಹೊಗಳಿದಳಲ್ಲ ಎಂದು ಆ ಹುಡುಗಿ ನಕ್ಷತ್ರ ಹಾಕಿ, ಡಬ್ಬಿಯ ಮೊದಲ ಗೂಡಿನಲ್ಲೇ ಅದನ್ನು ಇಟ್ಟು ಕಳಿಸಿದ್ದಳು. ಮೂವತ್ತೈದು ವರ್ಷ ಈ ಊರಿನಲ್ಲಿದ್ದು, ಮೀನು ಮಾರುವವಳ ಬಾಯಲ್ಲಿ ದಿನಾ ಕೇಳುವ ಮಾತು ಅದು. ಅದೇ ಮಾತು ನನ್ನ ಬಾಯಿಂದ ಹೋಗಿ ಅವಳ ಕಿವಿಗೆ ಹೇಗೆ ಬಿದ್ದೀತು ಎಂದು ನನಗೆ ಹೊಳೆಯಲೇ ಇಲ್ಲ. ಆ ಮಾತಿಗೆ ಕೆಂಪು ಪುಸ್ತಕ ತೆಗೆಯಬೇಕೆಂದು ಅವಳಿಗೆ ಹೇಳಿಕೊಡಬೇಕೆಂದೂ ಹೊಳೆಯಲಿಲ್ಲ.

ನಾನು ನಕ್ಕುಬಿಟ್ಟೆ ಹುಲಿಗೆಪ್ಪ. ನಿಜವಾಗಿ ನಕ್ಕೆ. ಅವಳೂ ನಕ್ಕಳು. ಹಾಗಾದರೆ ನೀವು ಏನು ಅಂದದ್ದು ಎಂದು ಕೇಳಿದಳು. ನಾನು ಹೇಳಿದೆ. ಅವಳ ಮುಖದಲ್ಲಿ ನಗು ಹಾಗೇ ಉಳಿದಿತ್ತು, ಕಣ್ಣು ಮಾತ್ರ ತುಂಬಿಕೊಂಡವು.

ಇಬ್ಬರೂ ಮ್ಯಾನೇಜರ್ ಸಾಹೇಬರ ಹತ್ತಿರ ಹೋದೆವು. ಅವರು ಕೆಟ್ಟವರಲ್ಲ. ಮಳೆಗಾಲದಲ್ಲಿ ನನ್ನನ್ನು ತಮ್ಮ ಕಾರಿನಲ್ಲಿ ವಾಸ್ಕೋದ ತನಕ ಬಿಟ್ಟಿದ್ದಾರೆ. ಎಲ್ಲ ಕೇಳಿ, ಕಂಪ್ಯೂಟರಿನಲ್ಲಿ 217 ತೆಗೆದು ನೋಡಿದರು. ಅಳತೆ ಸರಿ ಇದೆ, ಎಣ್ಣೆಯ ಪರೀಕ್ಷೆ ಸರಿ ಇದೆ, ಕಾಗದದಲ್ಲಿ ಇದು ಒಳ್ಳೆಯ ಬ್ಲೇಡು ಅಂದರು. ಕಾಗದದಲ್ಲಿ ನಿಮ್ಮ ಬೆರಳು ಎಲ್ಲೂ ಇಲ್ಲ ಆಂಟಿ ಅಂದರು. ಒಬ್ಬ ಹೆಲ್ಪರ್ ಹೆಂಗಸು ಮುಟ್ಟಿ ಬೇಡ ಅಂದದ್ದನ್ನು ನಾವು ಮೂರು ವರ್ಷ ತೆಗೆದಿಡುತ್ತ ಬಂದಿದ್ದೇವೆ ಎಂದು ಬರೆದುಕೊಟ್ಟರೆ, ಅಲ್ಲಿಂದ ತಪಾಸಣೆಗೆ ಬಂದು ಶೆಡ್ಡಿನ ಬಾಗಿಲು ಮುಚ್ಚಿಸುತ್ತಾರೆ, ನಲವತ್ತು ಮನೆಯ ಮಾತು ಇದು ಅಂದರು. ಮೇಜಿನ ಮೇಲಿದ್ದ ಪೆನ್ನನ್ನು ತಿರುಗಿಸುತ್ತ, ನೀವು ಸುಮ್ಮನಿದ್ದರೆ ಈ ಹುಡುಗಿಯೂ ಉಳಿಯುತ್ತಾಳೆ ಎಂದೂ ಅಂದರು.

ಲತಾ ನೆಲ ನೋಡುತ್ತ ನಿಂತಿದ್ದಳು.

ನಾನು ನನ್ನ ಹಿಂದಿಯಲ್ಲಿ ಏನೋ ಹೇಳಿದೆ. ಕಲಿಯುವವರ ತಪ್ಪು ತಾಳಿಕೊಳ್ಳಲಿ ಎಂದು ಅಲ್ಲಿ ಹನ್ನೊಂದು ವರ್ಷದಿಂದ ಒಂದು ಎಂಜಿನ್ ಮಾಡುತ್ತಿದ್ದಾರೆ ಸಾಹೇಬರೇ, ನಾವು ಇಲ್ಲಿ ಒಬ್ಬ ಕಲಿಯುವವಳ ತಪ್ಪು ತಾಳಿಕೊಳ್ಳಲಿಕ್ಕೆ ಆಗುವುದಿಲ್ಲವೇ ಎಂದು. ಹಿಂದಿಯಲ್ಲಿ ಅದು ಇಷ್ಟು ಚೆನ್ನಾಗಿ ಬರಲಿಲ್ಲ. ಅವರು ಅರ್ಥ ಮಾಡಿಕೊಂಡರೋ ಇಲ್ಲವೋ, ನೀರು ಕುಡಿದರು.

ಆ ಸಂಜೆ ಅಮೀನಪ್ಪನವರಿಗೆ ಎಲ್ಲ ಹೇಳಿದೆ. ಗಂಭೀರವಾಗಿ ಕೇಳಿ, ಕೊನೆಗೆ ಅವರು ಅಂದದ್ದೇನು ಗೊತ್ತೇ?

“ನಲವತ್ತ ವರ್ಷ ಆತು, ನಿನ್ನ ಬಾಯಾಗ ನನಗ ಒಂದ ಚಲೋ ಮಾತು ಬಂದಿಲ್ಲ. ಕಬ್ಬಿಣದ ತುಂಡಿಗೆ ಬಂತ ನೋಡು.”

ಕಬ್ಬಿಣ ಅಲ್ಲ, ಟೈಟಾನಿಯಂ ಅಂದೆ. ಆಮೇಲೆ ಅವರೇ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಮೂರು ಸಲ ಹಚ್ಚಿದರೂ ನೀನು ಎತ್ತಲಿಲ್ಲ, ಡ್ಯೂಟಿಯಲ್ಲಿದ್ದೆ. ಮರುದಿನ ಮಂಗಳವಾರ ಸಿಕ್ಕೆ.

ಆಗ ನೀನು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ನಾನು ತಪ್ಪು ತಿಳಿದಿದ್ದರೆ ತಿದ್ದು. ಡಬ್ಬಿ ಬಿಚ್ಚಿ ಆಗಿದೆ. ಬ್ಲೇಡುಗಳನ್ನು ಒಂದೊಂದಾಗಿ ತೂಗಿ, ಎದುರುಬದುರು ತೂಕ ಸರಿಮಾಡಿ, ಡಿಸ್ಕಿಗೆ ಕೂರಿಸಿ ಆಗಿದೆ. ಕೂರಿಸಿದವನು ನೀನೇ. ಶಿವರಾತ್ರಿಯ ಮರುದಿನ ಎಂಜಿನ್ನನ್ನು ಪರೀಕ್ಷೆಯ ಕಟ್ಟೆಗೆ ಏರಿಸಿ ಓಡಿಸುತ್ತಾರೆ. ಈಗ ಒಂದು ಬ್ಲೇಡು ತೆಗೆಯಬೇಕೆಂದರೆ ಡಿಸ್ಕು ಪೂರ್ತಿ ಬಿಚ್ಚಬೇಕು, ಓಡಿಸುವ ದಿನ ತಿಂಗಳು ಮುಂದೆ ಹೋಗುತ್ತದೆ. ಅಕ್ಕ ಫೋನಿನಲ್ಲಿ ಅಂದಳು ಎಂದು ಹೇಳಿ ಡಿಸ್ಕು ಬಿಚ್ಚಿಸಲು ಆಗುವುದಿಲ್ಲ, ಬರವಣಿಗೆಯಲ್ಲಿ ಬೇಕು. ಇಷ್ಟು ನೀನು ಹೇಳಿದ್ದು. ನಿನ್ನ ಹಿಂದೆ ಯಾವುದೋ ಮಷಿನ್ನು ಗುಂಯ್ ಅನ್ನುತ್ತಿತ್ತು. ಆಮೇಲೆ ನೀನು ಕೇಳಿದೆ.

“ಅಕ್ಕವ್ವಾ, ಖರೇ ಹೇಳು. ಬೆರಳಿಗೆ ಸಿಕ್ಕೈತೇನು?”

“ಸಿಕ್ಕೈತಿ” ಅಂದೆ.

“ಹಂಗಾರ ನಾ ಬಿಚ್ಚಸ್ತೀನಿ. ಕಾಗದ ಕಳಸು.”

ನೀನು ಮತ್ತೊಂದು ಮಾತು ಕೇಳಲಿಲ್ಲ. ಇಪ್ಪತ್ತು ವರ್ಷದ ನಿನ್ನ ನೌಕರಿಯನ್ನು ನನ್ನ ಒಂದು ಉಗುರಿನ ಮೇಲೆ ಇಟ್ಟುಬಿಟ್ಟೆ. ಅದಕ್ಕೇ ನಾಲ್ಕು ಹಾಳೆ ಹರಿದದ್ದು.

ಇವತ್ತು ಬೆಳಿಗ್ಗೆ ಲತಾ ಬಂದಿದ್ದಳು. ಫೋಂಡಾದಿಂದ ಎರಡು ಬಸ್ಸು ಬದಲಿಸಿ, ಸಡಾದ ಏರು ಹತ್ತಿ, ಏದುಸಿರು ಬಿಡುತ್ತ, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಅಮೀನಪ್ಪನವರು ಅವಳನ್ನು ಕೂರಿಸಿ, ಬಂದರು ತೋರಿಸಿ, ತಾವು ಇಳಿಸಿದ ಹಡಗುಗಳ ಕಥೆ ಹೇಳಿ, ಚಹಾ ಮಾಡಿ ಕೊಟ್ಟರು. ಅವಳು ಬ್ಯಾಗಿನಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟಳು. ಕೊಂಕಣಿಯಲ್ಲಿ ಬರೆದಿದ್ದಳು. ತಪ್ಪು ನನ್ನದೇ, ಆಜಿ ಸರಿಯಾಗಿಯೇ ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ ಎಂದು. ಕೆಳಗೆ ರುಜು. ನಿಮ್ಮ ಕಾಗದದ ಜೊತೆ ಇದನ್ನೂ ಕಳಿಸಿ, ನನಗೆ ಬೇರೆ ಕೆಲಸ ಸಿಗುತ್ತದೆ, ಈ ವಯಸ್ಸಿನಲ್ಲಿ ನಿಮಗೆ ಸಿಗುವುದಿಲ್ಲ ಅಂದಳು.

ಮನೆಯಲ್ಲಿ ಯಾರಿಗೆ ಹೇಳಿ ಬಂದಿ ಎಂದು ಕೇಳಿದೆ. ಯಾರಿಗೂ ಇಲ್ಲ, ಗೆಳತಿಯ ಮದುವೆಗೆ ಎಂದು ಸುಳ್ಳು ಹೇಳಿದ್ದಾಳಂತೆ. ಹಾಗಾದರೆ ಒಂದು ಚಲೋ ಸೀರೆಯನ್ನಾದರೂ ಉಟ್ಟುಕೊಂಡು ಬರಬಾರದಿತ್ತೇ ಅಂದರು ಅಮೀನಪ್ಪನವರು. ಅವಳು ನಗುತ್ತ ಅತ್ತಳು. ಅವಳ ಕಾಗದವನ್ನು ನಾನು ಮಡಚಿ ಅವಳ ಬ್ಯಾಗಿಗೇ ಹಾಕಿದೆ. ನೀನು ಕೇಳಿಸಿಕೊಂಡದ್ದು ನಿನ್ನ ಭಾಷೆಯಲ್ಲಿ ಸರಿಯಾಗಿಯೇ ಇದೆ ಮಗಳೇ ಅಂದೆ.

ನಾನು ಅಕ್ಷರ ಕಲಿತದ್ದು ನಿನಗೆ ನೆನಪಿದೆಯೇ? ಬಾಯ್ನಾದ ಗುಡಿಸಲಿನಲ್ಲಿ ನೀನು ಒಲೆಯ ಆ ಕಡೆ ಕೂತು ಪಾಠ ಓದುತ್ತಿದ್ದಿ, ನಾನು ಈ ಕಡೆ ರೊಟ್ಟಿ ಬಡಿಯುತ್ತ ನಿನ್ನ ಪುಸ್ತಕ ನೋಡುತ್ತಿದ್ದೆ. ಹಾಗಾಗಿ ಎರಡು ವರ್ಷ ನನಗೆ ಅಕ್ಷರಗಳು ತಲೆಕೆಳಗಾಗಿ ಮಾತ್ರ ಓದಲು ಬರುತ್ತಿದ್ದವು. ಒಂದು ದಿನ ನೀನು ಪುಸ್ತಕ ನನ್ನ ಕೈಗೆ ನೆಟ್ಟಗೆ ಕೊಟ್ಟಾಗ ಒಂದು ಅಕ್ಷರವೂ ಗುರುತು ಸಿಗಲಿಲ್ಲ. ನೀನು ನಗಲಿಲ್ಲ. ಪುಸ್ತಕವನ್ನು ತಿರುಗಿಸಿ ಕೊಟ್ಟೆ. ಎಂಟು ವರ್ಷದವನು ನೀನು ಆಗ. ಇವತ್ತು ಲತಾ ಇಳಿದು ಹೋಗುವುದನ್ನು ನೋಡುತ್ತ ಅದೇ ನೆನಪಾಯಿತು.

ಸೋಮವಾರ, 17 ಫೆಬ್ರವರಿ, ಸಂಜೆ

ನಿನ್ನ ಮೇಲಿನವರಿಗೆ ತೋರಿಸುವ ಹಾಳೆಯನ್ನು ಬೇರೆಯಾಗಿ ಇಟ್ಟಿದ್ದೇನೆ. ಅದರಲ್ಲಿ ಇಷ್ಟೇ ಇದೆ:

“ನಾನು, ಲಕ್ಷ್ಮವ್ವ ಗಂಡ ಅಮೀನಪ್ಪ, ವಯಸ್ಸು ಅರವತ್ತೊಂದು. ಫೆಬ್ರವರಿ ಐದರಂದು 217ನೆಯ ನಂಬರಿನ ಬ್ಲೇಡಿನ ಬುಡದ ತಿರುವಿನಲ್ಲಿ, ನಂಬರು ಕೊರೆದ ಮೈಯ ಕಡೆಗೆ, ಉಗುರಿಗೆ ತಡೆಯುವ ಒಂದು ಮೆಟ್ಟಿಲು ನನಗೆ ಸಿಕ್ಕಿತು. ಅದನ್ನು ತೆಗೆದಿಡಲು ನಾನು ಕನ್ನಡದಲ್ಲಿ ಹೇಳಿದೆ, ಕನ್ನಡ ಬಾರದವರಿಗೆ ಹೇಳಿದೆ. ಆದ್ದರಿಂದ ಅದು ಒಳ್ಳೆಯದರ ಜೊತೆ ಸೇರಿ ಬಂದಿದೆ. ದಯವಿಟ್ಟು ಅದನ್ನು ತೆಗೆದು ನೋಡಬೇಕು. ತಪ್ಪು ನನ್ನ ಮಾತಿನದು.”

ಇವತ್ತು ಕೆಲಸಕ್ಕೆ ಹೋದೊಡನೆ ಇದರ ಒಂದು ಪ್ರತಿಯನ್ನು ಮ್ಯಾನೇಜರ್ ಸಾಹೇಬರಿಗೆ ಕೊಟ್ಟೆ. ಬೆನ್ನ ಹಿಂದೆ ಕಳಿಸಲು ಮನಸ್ಸಾಗಲಿಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನಾನೇ ಒಂದೊಂದು ಸಾಲು ಓದಿ ಹಿಂದಿಯಲ್ಲಿ ಹೇಳಿದೆ. ಇದಕ್ಕೆ ನಾನು ಸಹಿ ಮಾಡುವುದಿಲ್ಲ ಅಂದರು. ನಿಮ್ಮನ್ನು ತಡೆಯುವುದೂ ಇಲ್ಲ ಅಂದರು. ಅವರ ಮಗನೂ ಪುಣೆಯ ಹತ್ತಿರ ಎಲ್ಲೋ ಸೈನ್ಯದ ಶಾಲೆಯಲ್ಲಿ ಓದುತ್ತಿದ್ದಾನಂತೆ, ಅದನ್ನು ಇವತ್ತೇ ಮೊದಲು ಹೇಳಿದ್ದು. ನಾಳೆಯಿಂದ ಪ್ಯಾಕಿಂಗಿಗೆ ಬರಬೇಡಿ, ಗುಡಿಸುವ ಕೆಲಸಕ್ಕೆ ಬನ್ನಿ, ತಪಾಸಣೆಯವರು ಬಂದರೆ ನೀವು ಅಲ್ಲಿ ಕಾಣಬಾರದು ಅಂದರು. ಆಗಲಿ ಅಂದೆ. ಪೊರಕೆ ನನಗೆ ಹೊಸದಲ್ಲ. ಲತಾಳ ಬಗ್ಗೆ ಏನೂ ಅನ್ನಲಿಲ್ಲ, ಅದೇ ದೊಡ್ಡದು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಲತಾ ಪಕ್ಕಕ್ಕೆ ಬಂದು ಕೂತಳು. ಕನ್ನಡದಲ್ಲಿ ಕೆಟ್ಟದ್ದಕ್ಕೆ ಏನೆನ್ನುತ್ತಾರೆ ಎಂದು ಕೇಳಿದಳು. ಹೇಳಿಕೊಟ್ಟೆ. ಚಹಾ ಬರುವ ತನಕ ಅದನ್ನೇ ಬಾಯಿಪಾಠ ಮಾಡುತ್ತಿದ್ದಳು.

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಗುರುವಾರದ ಒಳಗೆ ನಿನಗೆ ತಲುಪುತ್ತದೆ ಎಂದಿದ್ದಾರೆ. ನಿನ್ನ ಮೇಲಿನವರು ಏನೇ ಅಂದರೂ ಎದುರು ಮಾತಾಡಬೇಡ, ಹಾಳೆ ಕೊಟ್ಟು ಸುಮ್ಮನಿರು. ಓಡಿಸುವ ದಿನ ಮುಂದೆ ಹೋಯಿತೆಂದು ನಿನ್ನ ಜೊತೆಯವರು ಬೇಸರ ಮಾಡಿಕೊಂಡರೆ, ಅಕ್ಕನ ಬಾಯಿ ತಪ್ಪಿತು ಅನ್ನು. ನಗಲಿ. ಶ್ವೇತಾಳಿಗೆ ಪರೀಕ್ಷೆ ಚೆನ್ನಾಗಿ ಆಗಲಿ. ಜಯಶ್ರೀ ಕಾಲಿಗೆ ಬಿಸಿ ಎಳ್ಳೆಣ್ಣೆ ಹಚ್ಚಿಕೊಳ್ಳಲಿ. ನೀವು ಮೂವರೂ ನೂರು ಕಾಲ ಸುಖವಾಗಿ ಬಾಳಿ. ನೀವೆಲ್ಲ ಕಟ್ಟಿದ್ದು ಒಂದು ದಿನ ಆಕಾಶಕ್ಕೆ ಏರಲಿ, ಏರಿದವರು ಎಲ್ಲರೂ ಇಳಿದು ಬರಲಿ.

ನಿನ್ನ ಅಕ್ಕ,
ಲಕ್ಷ್ಮವ್ವ

ತಾ.ಕ.: ಇದನ್ನು ವಾಸ್ಕೋ ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಲು ಹೋಗಿ ತಿರುಗಿ ಬಂದೆ. ಮೇಲಿನದೆಲ್ಲ ನಿಜ, ಆದರೆ ಪೂರ್ತಿ ನಿಜ ಅಲ್ಲ.

ದಸರೆಯ ಹೊತ್ತಿನಿಂದ ನನ್ನ ಬಲಗೈಯ ಎರಡು ಬೆರಳಿನ ತುದಿ ಜೋಮು ಹಿಡಿದಿದೆ. ಬಿಸಿ ತಾಟು ಮುಟ್ಟಿದರೂ ತಡವಾಗಿ ಗೊತ್ತಾಗುತ್ತದೆ. ಸರ್ಕಾರಿ ದವಾಖಾನೆಯಲ್ಲಿ ಶುಗರ್ ಅಂದರು, ಗುಳಿಗೆ ಕೊಟ್ಟರು. ನಿಮ್ಮ ಭಾವನಿಗೂ ಹೇಳಿಲ್ಲ. ಕಾರ್ಖಾನೆಯಲ್ಲಿ ಯಾರಿಗೂ ಕಾಣದಂತೆ ಎಡಗೈಗೆ ಬದಲಾಯಿಸಿಕೊಂಡೆ. ಈಗ ಎಡಗೈಯ ಸ್ಪರ್ಶವೂ ಕೆಲವು ದಿನ ಇದೆ, ಕೆಲವು ದಿನ ಇಲ್ಲ.

217ರ ಮೇಲೆ ಮೂರು ಸಲ ಉಗುರು ಎಳೆದೆ. ಎರಡು ಸಲ ಸಿಕ್ಕಿತು. ಮೂರನೆಯ ಸಲ ಸಿಗಲಿಲ್ಲ. ನೀನು ಫೋನಿನಲ್ಲಿ ಕೇಳಿದಾಗ ಹೇಳಬೇಕಿದ್ದದ್ದು ಇದು. ಸಿಕ್ಕೈತಿ ಎಂದುಬಿಟ್ಟೆ. ಗುಡಿಸುವವಳನ್ನು ಜನ ಆ ಒಂದು ಬೆರಳಿಗಾಗಿ ಕುರ್ಚಿ ಕೊಟ್ಟು ಕೂರಿಸಿದ್ದರು. ಅದು ಹೋಗುತ್ತಿದೆ ಎಂದು ನನ್ನ ಬಾಯಿಂದ ಹೇಳಲು ಆಗಲಿಲ್ಲ, ನಿನಗೂ ಹೇಳಲು ಆಗಲಿಲ್ಲ.

217 ಇರಲಿ, ಅದಾದರೂ ನನ್ನನ್ನು ತಡೆಯಿತು. ದಸರೆಯಿಂದ ಈಚೆಗೆ ನನ್ನ ಕೈ ಸುಮ್ಮನೆ ಸರಿಸಿಬಿಟ್ಟದ್ದು ಎಷ್ಟಿವೆಯೋ ನನಗೆ ಗೊತ್ತಿಲ್ಲ. ಇದರಲ್ಲಿ ಲತಾಳದು ಏನೂ ಇಲ್ಲ. ಈ ಹಾಳೆಯನ್ನೂ ನಿನ್ನ ಮೇಲಿನವರಿಗೆ ತೋರಿಸು, ಮುಚ್ಚಿಡಬೇಡ. ನನಗಾಗಿ ಮುಚ್ಚಿಡಬೇಡ. ದಸರೆಯ ಮೇಲೆ ಬಂದ ಡಬ್ಬಿಗಳ ಬ್ಲೇಡುಗಳನ್ನೆಲ್ಲ ನೀನೇ ಒಮ್ಮೆ ಮುಟ್ಟಿ ನೋಡು. ಕಣ್ಣು ಮುಚ್ಚಿಕೊಂಡು, ಬುಡದಿಂದ ಮೇಲಕ್ಕೆ, ಉಗುರನ್ನು ಒತ್ತದೆ ಎಳೆ. ನಮ್ಮವ್ವನ ಕೈ ನಮ್ಮಿಬ್ಬರಿಗೂ ಬಂದಿದೆ, ನಿನ್ನದು ಇನ್ನೂ ಚೆನ್ನಾಗಿದೆ.

217ರಲ್ಲಿ ನಿನಗೆ ಸಿಕ್ಕರೂ ಹೇಳು, ಸಿಗದಿದ್ದರೂ ಹೇಳು. ನನ್ನ ಮನಸ್ಸಿಗೆ ನೋವಾದೀತೆಂದು ಒಂದನ್ನು ಇನ್ನೊಂದು ಮಾಡಬೇಡ. ಎರಡು ಸಾಲು ಸಾಕು ಹುಲಿಗೆಪ್ಪ, ನೋಡಿದ ದಿನವೇ ಪತ್ರ ಹಾಕು.